ಕಾಕೂಗೆ ಬಿಟ್ಟ ಜಾಗ

ಮೊನ್ನೆ ದೇವರ ಗೂಡು ಒರೆಸುತ್ತಿದ್ದಾಗ ಹಿಂದಿನ ಮೂಲೆಯಲ್ಲಿ ಒಂದು ಕರಿ ಡಬ್ಬಿ ಸಿಕ್ಕಿತು. ಹೆಬ್ಬೆರಳಿಗಿಂತ ಸ್ವಲ್ಪ ದಪ್ಪ, ಬೂದುಬಣ್ಣದ ಮುಚ್ಚಳ. ಹಿಂದೆ ಕ್ಯಾಮೆರಾದ ರೀಲು ಬರುತ್ತಿದ್ದ ಡಬ್ಬಿ. ಈಗಿನ ಹುಡುಗರಿಗೆ ತೋರಿಸಿದರೆ ಇದೇನು ಗುಳಿಗೆ ಡಬ್ಬಿಯೇ ಅಂತ ಕೇಳುತ್ತಾರೆ. ಮುಚ್ಚಳ ತೆಗೆದೆ. ಒಳಗಿದ್ದ ಕರ್ಪೂರ ಯಾವಾಗಲೋ ಹಾರಿಹೋಗಿ ತಳದಲ್ಲಿ ಒಂದಿಷ್ಟು ಬಿಳಿ ಪುಡಿ ಮಾತ್ರ ಹತ್ತಿಕೊಂಡಿತ್ತು. ಆದರೆ ವಾಸನೆ ಹೋಗಿರಲಿಲ್ಲ. ಅರ್ಧ ಕರ್ಪೂರದ್ದು, ಅರ್ಧ ಫಿಲ್ಮಿನದ್ದು. ಆ ಎರಡೂ ಕೂಡಿದ ವಾಸನೆ ಈ ಭೂಮಿಯ ಮೇಲೆ ಒಂದೇ ಮನೆಯದು, ಲಂಡನ್ನಿನ ಸ್ಟ್ಯಾನ್ಮೋರಿನಲ್ಲಿದ್ದ ನಮ್ಮ ಡಾಕ್ಟರ್ ಕಾಕಾನ ಮನೆಯದು. ಒರೆಸುವ ಬಟ್ಟೆ ಕೈಯಲ್ಲೇ ಹಿಡಿದು ಎಷ್ಟೋ ಹೊತ್ತು ಹಾಗೇ ನಿಂತಿದ್ದೆ…

ಮೊದಲೇ ಹೇಳಿಬಿಡುತ್ತೇನೆ, ನಾನು ದೆವ್ವ ಭೂತ ನಂಬುವ ಪೈಕಿ ಅಲ್ಲ. ಧಾರವಾಡದಲ್ಲಿ ನಮ್ಮ ಓಣಿಯ ಹುಣಸೆಮರದ ಕೆಳಗೆ ಮಧ್ಯಾಹ್ನ ಒಬ್ಬಳೇ ಕೂತು ಕಾದಂಬರಿ ಓದಿದವಳು ನಾನು. ಈಗ ಹೇಳುವುದನ್ನು ನಡೆದ ಹಾಗೇ ಹೇಳುತ್ತೇನೆ, ಯಾರಿಗೆ ಹೇಗೆ ತಿಳಿಯುತ್ತದೋ ತಿಳಿಯಲಿ.

ಕಾಕಾ ನನ್ನ ಸಂಬಂಧಿಕರೇನಲ್ಲ. ಧಾರವಾಡದವರು ಅನ್ನುವುದೊಂದೇ ನಂಟು. ಸರಕಾರಿ ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರಾಗಿ ವರ್ಷಗಟ್ಟಲೆ ಕೆಲಸ ಮಾಡಿದವರು. ನಾನು ಮದುವೆಯಾಗಿ ಹ್ಯಾರೋದ ಬಾಡಿಗೆ ಮನೆಗೆ ಬಂದ ಹೊಸತರಲ್ಲಿ ಕನ್ನಡದವರ ದೀಪಾವಳಿ ಊಟದಲ್ಲಿ ಕಾಕಾ, ಅವರ ಹೆಂಡತಿ ಕಾಕೂ ಇಬ್ಬರೂ ಸಿಕ್ಕರು. ನನ್ನ ಮಾತು ಕಿವಿಗೆ ಬಿದ್ದದ್ದೇ ತಡ, ಕಾಕೂ ತಮ್ಮ ತಾಟು ಎತ್ತಿಕೊಂಡು ಬಂದು ಪಕ್ಕದಲ್ಲೇ ಕೂತರು. ಮುಂದಿನ ಶನಿವಾರ ಅವರ ಮನೆಯಲ್ಲಿ ಝುಣಕ, ಜೋಳದ ರೊಟ್ಟಿ. ಹೊರಡುವಾಗ ಕೈಗೆ ಒಂದು ಕರಿ ಡಬ್ಬಿ. ಕಾಕಾನ ರೀಲಿನ ಖಾಲಿ ಡಬ್ಬಿಗಳನ್ನೆಲ್ಲ ಕಾಕೂ ಎಸೆಯದೆ ತೊಳೆದಿಟ್ಟು, ಯಾರೇ ಬಂದರೂ ಅದರಲ್ಲಿ ಕೇಸರಿಯೋ ಲವಂಗವೋ ಕರ್ಪೂರವೋ ತುಂಬಿ ಕೊಡುತ್ತಿದ್ದರು. ಎಷ್ಟು ತೊಳೆದರೂ ಫಿಲ್ಮಿನ ವಾಸನೆ ಮಾತ್ರ ಬಿಡುತ್ತಿರಲಿಲ್ಲ. ಅವರ ಕೇಸರಿ ಹಾಕಿದ ಶಿರಾ ತಿಂದರೆ ಫೋಟೋ ತಿಂದಂತಾಗುತ್ತದೆ ಅಂತ ನಾವೆಲ್ಲ ನಗುತ್ತಿದ್ದೆವು.

ಕಾಕಾನಿಗೆ ಫೋಟೋದ ಹುಚ್ಚು. ಮನುಷ್ಯರದ್ದಲ್ಲ, ಕಟ್ಟಡಗಳದ್ದು. ಎಲ್ಲಿ ಹೋದರೂ ಗೋಪುರ, ಸೇತುವೆ, ನೀರಿನ ದಂಡೆ. ನಮ್ಮವರ ಫೋಟೋಗಳು ಹೇಗಿರುತ್ತಿದ್ದವು ಅಂತ ನಿಮಗೂ ಗೊತ್ತಿರಬೇಕು. ಊರಿಗೆ ಕಳಿಸಿದಾಗ ಪೂರಾ ಗೋಪುರ ತುದಿಯವರೆಗೆ ಕಾಣಬೇಕು, ಅದರ ಬುಡದಲ್ಲಿ ನಮ್ಮ ಹೆಂಗಸು ಸೀರೆ ಮೇಲೆ ಕೋಟು ಹಾಕಿಕೊಂಡು ನೆಟ್ಟಗೆ ನಿಂತಿರಬೇಕು, ಇಲ್ಲದಿದ್ದರೆ ಹೋಗಿದ್ದೇ ಸುಳ್ಳು ಅಂದಾರು. ಕಾಕಾನಂತೂ ಇದನ್ನು ಶಾಸ್ತ್ರ ಮಾಡಿಕೊಂಡಿದ್ದರು. ಕಟ್ಟಡದ ಎತ್ತರ ತಿಳಿಯಬೇಕಾದರೆ ಪಕ್ಕದಲ್ಲಿ ಒಂದು ಮನುಷ್ಯಾಕೃತಿ ಬೇಕು ಅನ್ನುತ್ತಿದ್ದರು. ಆ ಮನುಷ್ಯಾಕೃತಿ ಕಾಕೂ. "ನಾ ಹೆಂಡತಿ ಅಲ್ಲವ್ವಾ, ಅಳತೀ ಪಟ್ಟಿ" ಅಂತ ಕಾಕೂ ಎಲ್ಲರೆದುರೇ ಹೇಳಿ ನಗುತ್ತಿದ್ದರು.

ಕ್ಯಾಮೆರಾದ ಎದುರಿಗೆ ನಿಲ್ಲುವುದು ಕಾಕೂಗೆ ಒಂಚೂರೂ ಇಷ್ಟವಿರಲಿಲ್ಲ. ಅವರ ಜಾಗವೇ ಬೇರೆ. ಕ್ಯಾಮೆರಾದ ಚೀಲ ಹೆಗಲಿಗೆ ಹಾಕಿಕೊಂಡು, ಲೆನ್ಸಿನ ಮುಚ್ಚಳ ಮುಷ್ಟಿಯಲ್ಲಿ ಹಿಡಿದು, ಕಾಕಾನ ಎಡಮಗ್ಗಲಿಗೆ ಅಂಟಿ ನಿಲ್ಲುತ್ತಿದ್ದರು. ಕಾಕಾ ಒಂದು ಕಣ್ಣು ಮುಚ್ಚಿ ಲೆನ್ಸಿನ ಉಂಗುರ ತಿರುಗಿಸುತ್ತ ನಿಂತರೆ ಅವರ ಎಡಗಿವಿಯಲ್ಲಿ ಕಾಕೂ ಒಂದೇ ಸಮ ಗೊಣಗುವುದು: ಮುಗೀತಿಲ್ರೀ, ಚಳಿ ಆಗ್ಲಿಕ್ಕತ್ತದ, ನೆಟ್ಟಗ ನಿಂದರ್ರಿ, ಬೆನ್ನು ಬಾಗೇದ. ಸೊಟ್ಟಗೆ ನಿಂತರೆ ಫೋಟೋ ಸೊಟ್ಟ ಬರುತ್ತದೆ ಅನ್ನುವುದು ಅವರ ಲೆಕ್ಕ. ಕಾಕಾ "ಆತು, ಆತು, ನಿಂತೀನಿ" ಅನ್ನುತ್ತ ಬೆನ್ನು ನೆಟ್ಟಗೆ ಮಾಡುವುದು. ಆಮೇಲೆ "ಹೋಗು, ಅಲ್ಲಿ ನಿಂದ್ರು" ಅಂತ ಅವರನ್ನು ಕಟ್ಟಡದ ಕಡೆ ಅಟ್ಟುವುದು. ಇದನ್ನು ನಾನೇ ಕಣ್ಣಾರೆ ಎಷ್ಟು ಸಲ ನೋಡಿಲ್ಲ.

ತೊಂಬತ್ತರ ದಶಕದ ನಡುವಿನಲ್ಲಿ ಅವರ ಮಗಳು ಬ್ಯಾಂಕ್ ಕೆಲಸದ ಮೇಲೆ ಸಿಂಗಾಪುರಕ್ಕೆ ಹೋದಳು. ಗಂಡ ಹೆಂಡತಿ ಅವಳನ್ನು ನೋಡಲು ಹೋಗಿ ಒಂದು ತಿಂಗಳಿದ್ದು ಬಂದರು. ಬಂದ ಕೆಲವೇ ವಾರಗಳಲ್ಲಿ, ಒಂದು ಮುಂಜಾನೆ ಚಹಾ ಸೋಸುತ್ತಿದ್ದ ಕಾಕೂ ಅಡಿಗೆಮನೆಯಲ್ಲೇ ಕುಸಿದರು. ಆಂಬುಲೆನ್ಸು ಬರುವುದರೊಳಗೆ ಮುಗಿದಿತ್ತು. ಆಪರೇಷನ್ ಟೇಬಲ್ಲಿನ ಮೇಲೆ ಎಷ್ಟೋ ಜನರ ಉಸಿರು ಕಾದ ಮನುಷ್ಯ, ತನ್ನ ಹೆಂಡತಿಯ ಉಸಿರು ಮಾತ್ರ ಕಾಯಲಾಗಲಿಲ್ಲ ಅಂತ ಕೂತುಬಿಟ್ಟರು.

ಆಗ ನಾನು ಹ್ಯಾರೋದ ಒಂದು ಫೋಟೋ ಅಂಗಡಿಯಲ್ಲಿ ಕೆಲಸಕ್ಕೆ ಸೇರಿ ಸ್ವಲ್ಪ ದಿನವಾಗಿತ್ತು. ಒಂದು ತಾಸಿನಲ್ಲಿ ರೀಲು ತೊಳೆದು ಪ್ರಿಂಟು ಹಾಕಿಕೊಡುವ ಅಂಗಡಿ. ಹದಿಮೂರನೆಯ ದಿನಕ್ಕೆ ಹಾರ ಹಾಕಲು ಒಂದು ಫೋಟೋ ಬೇಕಲ್ಲ, ಕಾಕಾ ಆಲ್ಬಮ್ಮುಗಳನ್ನೆಲ್ಲ ಹೊತ್ತು ತಂದು ನನ್ನ ಮುಂದೆ ಇಟ್ಟರು. ಒಂದೊಂದೇ ಹಾಳೆ ತಿರುವಿದೆವು. ಎಲ್ಲದರಲ್ಲೂ ಕಾಕೂ ಇದ್ದರು, ಒಂದರಲ್ಲೂ ಕಾಣುತ್ತಿರಲಿಲ್ಲ. ಗೋಪುರದ ಬುಡದಲ್ಲಿ ಉಗುರಿನಷ್ಟು, ಸೇತುವೆಯ ತುದಿಯಲ್ಲಿ ಜೀರಿಗೆಯಷ್ಟು. ಮದುವೆಯ ಫೋಟೋದಲ್ಲಿದ್ದವಳು ಬೇರೆಯೇ ಹುಡುಗಿ. ಪಾಸ್‌ಪೋರ್ಟಿನದಂತೂ ಪೊಲೀಸರು ಹಿಡಿದು ಕೂಡಿಸಿದ ಹಾಗಿತ್ತು, ಅದಕ್ಕೆ ಹಾರ ಹಾಕಲಾರೆ ಅಂದರು ಕಾಕಾ.

ಕೊನೆಗೆ ಸಿಂಗಾಪುರದ ರೀಲು ತೊಳೆದು ನೋಡಿದೆವು. ಅದರಲ್ಲಿ ಒಂದೇ ಒಂದು ಸ್ವಲ್ಪ ಹತ್ತಿರದ್ದು. ಅಲ್ಲಿ ನೀರಿನ ದಂಡೆಯ ಮೇಲೆ ಸಿಂಹದ ತಲೆ, ಮೀನಿನ ಮೈ ಇರುವ ಒಂದು ಬಿಳಿ ಮೂರ್ತಿ ಇದೆ, ಬಾಯಿಂದ ನೀರು ಕಾರುತ್ತಿರುತ್ತದೆ. ಅದು, ಅದರ ಹಿಂದೆ ಸಾಲಾಗಿ ಬ್ಯಾಂಕುಗಳ ಗಗನಚುಂಬಿಗಳು, ಒಂದೊಂದು ಕಿಟಕಿಯೂ ಎಣಿಸುವ ಹಾಗೆ ಸ್ಪಷ್ಟ. ಮುಂದೆ ಕಬ್ಬಿಣದ ಕಂಬಿಗೆ ಆತು ನಿಂತ ಕಾಕೂ. ಕಾಕಾ ಕಟ್ಟಡಕ್ಕೆ ಫೋಕಸ್ ಮಾಡಿದ್ದರು. ಕಾಕೂ ಮಸುಕಾಗಿದ್ದರು, ಆ ಹೊತ್ತಿಗೇ ಮುಖ ಬೇರೆ ತಿರುಗಿಸಿದ್ದರು. ಅದನ್ನೇ ದೊಡ್ಡದು ಮಾಡಿಕೊಡು ಅಂದರು ಕಾಕಾ. ಮಾಡಿದೆ. ದೊಡ್ಡದಾದಷ್ಟೂ ಮುಖ ರವೆ ರವೆಯಾಗಿ ಚೆದುರಿತು.

ಹದಿಮೂರನೆಯ ದಿನ ಹೋದಾಗ ಅದೇ ಫೋಟೋ ಗೋಡೆಯ ಮೇಲಿತ್ತು. ಮಲ್ಲಿಗೆ ಹಾರ, ಎದುರಿಗೆ ದೀಪ. ಬಾಗಿಲಿಂದ ನೋಡಿದರೆ ಕಾಕೂ ನಗುತ್ತಿದ್ದಾರೆ ಅನ್ನಿಸುತ್ತಿತ್ತು. ಹತ್ತಿರ ಹೋದರೆ ಕಣ್ಣಿಲ್ಲ, ಮೂಗಿಲ್ಲ, ಬಾಯಿಲ್ಲ. ಹಣೆ ಇಲ್ಲಿರಬಹುದು ಅಂತ ಅಂದಾಜಿನ ಮೇಲೆ ಯಾರೋ ಕುಂಕುಮ ಹಚ್ಚಿದ್ದರು. ಬಂದವರೆಲ್ಲ ಕೈ ಮುಗಿದರು, ಮುಗಿಯುವಾಗ ಕಣ್ಣು ಬೇರೆ ಕಡೆ ತಿರುಗಿಸಿದರು. ನಾನೂ ಹಾಗೇ ಮಾಡಿದೆ. ಬಸ್ಸಿನಲ್ಲಿ ಮನೆಗೆ ಬರುವಾಗ ನನ್ನ ಗಂಡ, ಆ ಫೋಟೋ ಗೋಡೆಯಿಂದ ಇಳಿಸಲಿಕ್ಕೆ ಹೇಳು ಅಂದರು. ಹೇಗೆ ಹೇಳುವುದು?

ಮರುವರ್ಷ ಕಾಕಾ ಒಬ್ಬರೇ ಸಿಂಗಾಪುರಕ್ಕೆ ಹೋಗಿ ಬಂದು ರೀಲು ತಂದುಕೊಟ್ಟರು. ನಮ್ಮ ಅಂಗಡಿಯಲ್ಲಿ ಒಂದು ಪದ್ಧತಿಯಿತ್ತು. ಯಾವುದಾದರೂ ಫೋಟೋ ಕೆಟ್ಟು ಬಂದಿದ್ದರೆ ತಪ್ಪು ನಮ್ಮದಲ್ಲ, ನಿಮ್ಮದು ಅಂತ ತಿಳಿಸುವ ಒಂದು ಸಣ್ಣ ಚೀಟಿಯನ್ನು ಅದರ ಮೂಲೆಗೆ ಅಂಟಿಸಿ ಕೊಡುವುದು. ಬೆಳಕು ಕಮ್ಮಿ, ಕೈ ನಡುಗಿದೆ, ಫೋಕಸ್ ತಪ್ಪಿದೆ, ಹೀಗೆ ಒಂದೊಂದಕ್ಕೆ ಒಂದೊಂದು ಚೀಟಿ. ಕಾಕಾನ ರೀಲು ಪೂರ್ತಿ ಚೀಟಿಯಾಯಿತು. ಎಲ್ಲವೂ ಸಂಜೆ ದೀಪ ಹತ್ತುವ ಹೊತ್ತಿನವು. ಅದೇ ದಂಡೆ, ಅದೇ ಮೂರ್ತಿ, ಅವೇ ಗಗನಚುಂಬಿಗಳು. ಆದರೆ ಕಟ್ಟಡಗಳೆಲ್ಲ ಕಲೆಸಿಹೋಗಿ ದೀಪಗಳು ದುಂಡಗೆ ಬೂಂದಿ ಕಾಳಿನ ಹಾಗೆ ಉಬ್ಬಿದ್ದವು. ಪಾಪ, ಮುದುಕನಿಗೆ ಕಣ್ಣು ಮಂದವಾಗಿದೆ ಅಂದುಕೊಂಡೆ.

ಕಾಕಾ ಕೌಂಟರಿನ ಮುಂದೆ ನಿಂತು ಒಂದೊಂದೇ ಚೀಟಿಯನ್ನು ಉಗುರಿನಿಂದ ಕಿತ್ತು ನನ್ನ ಮೇಜಿನ ಅಂಚಿಗೆ ಸಾಲಾಗಿ ಹಚ್ಚಿದರು. ಸಿಟ್ಟಿರಲಿಲ್ಲ.

"ಇವು ಸರಿ ಬಂದಾವ ತಂಗಿ. ನೀ ಕಟ್ಟಡ ನೋಡ್ಲಿಕ್ಕತ್ತಿ," ಅಂದರು.

ಆಗ ಮತ್ತೆ ನೋಡಿದೆ. ಕಂಬಿ ಸ್ಪಷ್ಟವಾಗಿತ್ತು. ಅದರ ಬಣ್ಣ ಎದ್ದ ಜಾಗ, ತುಕ್ಕು, ಯಾರೋ ಅಂಟಿಸಿದ ಚ್ಯೂಯಿಂಗ್ ಗಮ್ಮು ಕೂಡ ಕಾಣುತ್ತಿತ್ತು. ಕಂಬಿಯ ಮುಂದೆ ನಟ್ಟನಡುವೆ ಒಂದು ಖಾಲಿ ಜಾಗ. ಒಬ್ಬ ಹೆಂಗಸು ನಿಲ್ಲುವಷ್ಟು ಅಗಲ. ಮೇಲೆ ತಲೆ ಕತ್ತರಿಸಿ ಹೋಗದ ಹಾಗೆ, ಕೆಳಗೆ ಸೀರೆಯ ನಿರಿಗೆ ಬರುವ ಹಾಗೆ ಅಳೆದು ಬಿಟ್ಟದ್ದು. ಆ ಜಾಗಕ್ಕೆ ಫ್ಲ್ಯಾಶ್ ಕೂಡ ಹೊಡೆದಿದ್ದರು.

ಇನ್ನೊಂದಿತ್ತು. ಅದು ಜನ ತಿರುಗಾಡುವ ದಂಡೆ. ಯಾರಾದರೂ ಫೋಟೋ ತೆಗೆಯುತ್ತಿದ್ದರೆ ನಾವು ಅಡ್ಡ ಹಾಯುವುದಿಲ್ಲ, ಒಂದು ಗಳಿಗೆ ನಿಲ್ಲುತ್ತೇವೆ ಅಲ್ಲವೇ. ಹಾಗೆ ಆ ಫೋಟೋಗಳಲ್ಲಿ ಎರಡೂ ಅಂಚಿಗೆ ಜನ ನಿಂತಿದ್ದರು. ಐಸ್‌ಕ್ರೀಮು ಹಿಡಿದ ಚೀನಿ ಹುಡುಗಿ, ಕೈಚೀಲದ ಮುದುಕ, ತಳ್ಳುಗಾಡಿಯಲ್ಲಿ ಮಗು ಕೂಡಿಸಿಕೊಂಡ ತಾಯಿ. ಎಲ್ಲರೂ ಮರ್ಯಾದೆಯಿಂದ ಕಾಯುತ್ತಿದ್ದರು, ಅಲ್ಲಿ ಇಲ್ಲದವಳ ಫೋಟೋ ಮುಗಿಯಲಿ ಅಂತ.

ಕಾಕಾನೇ ಹೇಳಿದರು. ಕಣ್ಣಲ್ಲಿ ನೀರಿರಲಿಲ್ಲ, ರೋಗಿಗೆ ಆಪರೇಷನ್ನು ವಿವರಿಸುವ ಹಾಗೆ ಹೇಳಿದರು. ಅವತ್ತು ನಾನು ಕಟ್ಟಡಕ್ಕೆ ಫೋಕಸ್ ಮಾಡಿದೆ, ಅಕಿ ಅದಕ್ಕೇ ಕಾಣದೆ ಹೋದಳು. ಈಗ ಅಕಿಗೇ ಮಾಡೀನಿ. ಜಾಗ ಬಿಟ್ಟೀನಿ. ಒಂದು ಸಲ ಬಂದು ನಿಂತರೆ ಸಾಕು, ಮುಖ ಸಿಗುತ್ತದೆ, ಗೋಡೆ ಮೇಲಿನದನ್ನ ತೆಗೀತೀನಿ. ಇಷ್ಟೇ ಅವರ ಆಸೆ. ಹೆಂಡತಿ ತಿರುಗಿ ಬರಬೇಕು ಅಂತಲ್ಲ. ಹಾರ ಹಾಕಲು ಒಂದು ಮುಖ ಬೇಕು ಅಂತ.

"ನನ್ನ ಕಣ್ಣು ನಂಬೂ ಹಂಗಿಲ್ಲ ಈಗ. ನೀ ನೋಡವಾ. ಬಂದಾಳೇನ?"

ನೋಡಿ ಇಲ್ಲ ಕಾಕಾ ಅಂದೆ. ಹೌದೇನು ಅಂದು ಫೋಟೋಗಳನ್ನು ಕೋಟಿನ ಜೇಬಿಗೆ ಹಾಕಿಕೊಂಡು ಹೋದರು.

ಆಮೇಲೆ ಪ್ರತಿ ವರ್ಷ ಇದೇ ಆಯಿತು. ಮಗಳ ಮನೆಗೆ ಹೋಗುವುದು, ಸಂಜೆ ದಂಡೆಗೆ ಹೋಗುವುದು, ಬಂದು ರೀಲು ಕೊಡುವುದು, ಬಂದಾಳೇನ ಅಂತ ಕೇಳುವುದು. ಆ ಊರು ನಿಂತಲ್ಲಿ ನಿಲ್ಲುವ ಊರಲ್ಲ ನೋಡಿ. ಒಂದು ವರ್ಷದ ಫೋಟೋದಲ್ಲಿ ಇಲ್ಲದ ಗೋಪುರ ಮುಂದಿನ ವರ್ಷದ್ದರಲ್ಲಿ ಇರುತ್ತಿತ್ತು. ಮೂರ್ತಿಯ ಮುಂದೆಯೇ ಒಂದು ಸೇತುವೆ ಎದ್ದಿತು. ನೀರಿನಾಚೆ ಮುಳ್ಳುಹಣ್ಣಿನ ಹಾಗಿರುವ ಎರಡು ನಾಟಕಶಾಲೆಗಳು ಬಂದವು. ಇವೆಲ್ಲ ಮಸುಕು ಮಸುಕಾಗಿ ಹಿಂದೆ ಬೆಳೆಯುತ್ತ ಹೋದವು. ಮುಂದಿನ ಖಾಲಿ ಜಾಗ ಮಾತ್ರ ಒಂದು ಗೇಣೂ ಹೆಚ್ಚು ಕಮ್ಮಿ ಆಗಲಿಲ್ಲ. ಅಂಚಿನಲ್ಲಿ ಕಾಯುವ ಜನ ಬೇರೆ ಬೇರೆ, ಕಾಯುವ ರೀತಿ ಒಂದೇ.

ಅಂಗಡಿಯಲ್ಲಿ ನಾನೊಬ್ಬಳೇ ಇದ್ದಾಗ ಅವರ ರೀಲನ್ನು ಮಷೀನಿಗೆ ಹಾಕುತ್ತಿರಲಿಲ್ಲ, ಮಾಲೀಕ ಬರುವವರೆಗೆ ತಡೆಯುತ್ತಿದ್ದೆ. ಹೆದರಿಕೆ ಅಂತಲ್ಲ. ಪರದೆಯ ಮೇಲೆ ಒಂದೊಂದೇ ಚಿತ್ರ ಮೂಡುವಾಗ ಜೊತೆಗೆ ಯಾರಾದರೂ ಇರಲಿ ಅನ್ನಿಸುತ್ತಿತ್ತು. ಬಂದಿದ್ದರೆ? ನಿಜವಾಗಿ ಕಂಬಿಗೆ ಆತು ನಿಂತಿದ್ದರೆ?

ಒಂದು ವರ್ಷ ಕಾಕಾ ತೀರಾ ಕಂಗಾಲಾಗಿ ಬಂದರು. ಹೊಸ ಸೇತುವೆ ಅಡ್ಡ ಬಂದು ಮೂರ್ತಿ ಕಾಣುವುದಿಲ್ಲ ಅಂತ ಸರಕಾರದವರು ಮೂರ್ತಿಯನ್ನೇ ಎತ್ತಿ ಸ್ವಲ್ಪ ದೂರ ಬೇರೆ ಕಡೆ ಇಟ್ಟಿದ್ದರಂತೆ. ಯಾವ ಊರಲ್ಲಾದರೂ ಇಂಥದ್ದು ಕೇಳಿದ್ದೀರಾ? ಹಳೆಯ ಜಾಗದಲ್ಲಿ ಸೇತುವೆಯ ಹೊಟ್ಟೆ ಬಿಟ್ಟರೆ ಏನೂ ಇಲ್ಲ. ಅಲ್ಲೇ ನಿಂತು ಅರ್ಧ ರೀಲು ತೆಗೆದಿದ್ದರು, ಉಳಿದರ್ಧ ಹೊಸ ಜಾಗದಲ್ಲಿ. "ಅಕಿಗೆ ತಿಳೀಬೇಕಲ್ಲ ತಂಗಿ, ಮೂರ್ತಿ ಸರದದ ಅಂತ. ಹಳೇ ಜಾಗಕ್ಕ ಹೋಗಿ ಹೇಳಿ ಬಂದೆ," ಅಂದರು. ಡಾಕ್ಟರ್ ಓದಿದ ಮನುಷ್ಯ, ಊರಿಗೇ ಬುದ್ಧಿ ಹೇಳುತ್ತಿದ್ದವರು. ಅವರು ಅದನ್ನು ಹೇಳಿದ ರೀತಿ ನೋಡಿ ನನಗೆ ಅಳು ಬಂತು, ಹಿಂದಿನ ಕೋಣೆಗೆ ಹೋಗಿ ಮೂಗು ಒರೆಸಿಕೊಂಡು ಬಂದೆ.

ಅಷ್ಟರಲ್ಲಿ ಕಾಕಾನ ಕಣ್ಣು ನಿಜವಾಗಿಯೇ ಹೋಗತೊಡಗಿತ್ತು. ವಯಸ್ಸಾದವರಿಗೆ ಬರುವ ಒಂದು ರೋಗವಂತೆ, ನೋಟದ ನಡುಭಾಗವೇ ಮಸುಕಾಗಿ ಸುತ್ತಲಿನದು ಮಾತ್ರ ಕಾಣುವುದು. ಎದುರಿಗಿದ್ದವರ ಮುಖ ನೋಡಬೇಕಾದರೆ ಪಕ್ಕಕ್ಕೆ ನೋಡಬೇಕು. ಮಗಳು ಇನ್ನು ಸಾಕು ಅಪ್ಪಾ, ದಂಡೆಗೆ ಒಬ್ಬರೇ ಹೋಗಬೇಡಿ ಅಂತ ಕೂಗಾಡಿದ್ದಳಂತೆ. ಕೇಳುತ್ತಾರೆಯೇ. ಉಂಗುರವನ್ನು ಬೆರಳಿನಿಂದಲೇ ತಡವಿ ಫೋಕಸ್ ಇಡುವಷ್ಟು ಅದು ಕೈಗೆ ಕೂತಿತ್ತು.

ಕೊನೆಯ ರೀಲು ತಂದಾಗ ನಮ್ಮ ಅಂಗಡಿಯೂ ಮುಚ್ಚುವುದರಲ್ಲಿತ್ತು. ಎಲ್ಲರ ಕೈಯಲ್ಲೂ ಡಿಜಿಟಲ್ ಬಂದು ರೀಲು ಯಾರಿಗೆ ಬೇಕು ಅನ್ನುವ ಕಾಲ. ಕಾಕಾ ಕೌಂಟರಿನ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದರು. ನಾನು ಪ್ರಿಂಟುಗಳನ್ನು ಒಂದೊಂದೇ ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದೆ. ಕಂಬಿ ಇತ್ತು. ಜಾಗ ಇತ್ತು. ಖಾಲಿ ಇತ್ತು. ಇಲ್ಲ ಕಾಕಾ ಅಂತ ಹೇಳಿ ಹೇಳಿ ನನ್ನ ನಾಲಿಗೆಗೂ ಬೇಸರ ಬಂದಿತ್ತು, ಆ ಜಾಗವನ್ನು ಇನ್ನೊಮ್ಮೆ ನೋಡಲಾರದೆ ಸುಮ್ಮನೆ ಅಂಚಿನ ಜನರನ್ನು ನೋಡಿದೆ.

ಸಾವಿರಗಟ್ಟಲೆ ಫೋಟೋ ನೋಡಿದವರಿಗೆ ಒಂದು ವಿಷಯ ಗೊತ್ತಿರುತ್ತದೆ. ಕ್ಯಾಮೆರಾ ಕಡೆ ನೋಡಿದವರು ಫೋಟೋದಲ್ಲಿ ನಮ್ಮನ್ನೇ ನೋಡುತ್ತಾರೆ. ಇವರು ನನ್ನನ್ನು ನೋಡುತ್ತಿರಲಿಲ್ಲ. ಖಾಲಿ ಜಾಗವನ್ನೂ ನೋಡುತ್ತಿರಲಿಲ್ಲ. ಫ್ಲ್ಯಾಶಿನ ಬೆಳಕು ಬಿದ್ದು ಕಣ್ಣುಗಳೆಲ್ಲ ಸ್ಪಷ್ಟವಾಗಿದ್ದವು. ಒಬ್ಬ ಮಲಯಾ ಹೆಂಗಸು, ಓಡುವ ಚಡ್ಡಿ ಹಾಕಿದ ಒಬ್ಬ ಬಿಳಿಯ, ಅಪ್ಪನ ಹೆಗಲ ಮೇಲೆ ಕೂತ ಒಂದು ಕೂಸು. ಎಲ್ಲರ ಕಣ್ಣೂ ನನ್ನ ಎಡಗಿವಿಯ ಪಕ್ಕದಲ್ಲಿ ಒಂದೇ ಕಡೆ ನೆಟ್ಟಿದ್ದವು. ಕೂಸು ಆ ಕಡೆ ನೋಡಿ ನಗುತ್ತಿತ್ತು.

ಗಕ್ಕನೆ ತಿರುಗಿ ನೋಡಿದೆ. ಗೋಡೆಗೆ ಒರಗಿಸಿದ ಫ್ರೇಮುಗಳಿದ್ದವು, ಅಷ್ಟೇ. ಕಾಕಾನ ಕೋಟಿನಲ್ಲಿ ಹಿಂದಿನ ವರ್ಷಗಳವೂ ಇದ್ದವು, ಯಾವಾಗಲೂ ಇಟ್ಟುಕೊಂಡೇ ತಿರುಗುತ್ತಿದ್ದರು. ಈಸಿಕೊಂಡು ಹರಡಿದೆ. ಕೈಚೀಲದ ಮುದುಕ, ಐಸ್‌ಕ್ರೀಮಿನ ಹುಡುಗಿ, ತಳ್ಳುಗಾಡಿಯ ಮಗು. ಒಬ್ಬರೂ ಕ್ಯಾಮೆರಾ ನೋಡುತ್ತಿರಲಿಲ್ಲ. ಎಲ್ಲರೂ ಕ್ಯಾಮೆರಾದ ಎಡಕ್ಕೆ, ಒಂದು ಹೆಂಗಸಿನ ಮುಖ ಇರಬಹುದಾದ ಎತ್ತರಕ್ಕೆ ನೋಡುತ್ತಿದ್ದರು. ಮೊದಲ ವರ್ಷದಿಂದಲೂ…

ಆಮೇಲೆ ಕಂಡದ್ದನ್ನು ಕಂಡ ಹಾಗೇ ಹೇಳಿದೆ. ಕಾಕಾ ಅಲುಗಾಡದೆ ಕೇಳಿದರು. ಯಾವ ಕಡೆ ಅಂದರು. ಎಡಕ್ಕೆ ಅಂದೆ. ಮೆಲ್ಲಗೆ ಎಡಗೈ ಎತ್ತಿ ಎಡಗಿವಿ ಮುಟ್ಟಿಕೊಂಡರು.

"ಅಲ್ಲೇ ನಿಂದರತಿದ್ಲಲ್ಲ ತಂಗಿ ಅಕಿ," ಅಂದರು. "ನಾನೇ ಮರ್ತಿದ್ದೆ."

ತಲೆ ತಿರುಗಿಸಿ ಆ ಕಡೆ ನೋಡಲಿಲ್ಲ. ಸ್ಟೂಲಿನ ಮೇಲೆ ಸ್ವಲ್ಪ ಬಲಕ್ಕೆ ಸರಿದು ಕೂತರು, ಅಷ್ಟೇ.

ಮುಂದಿನ ವಾರ ಅವರ ಮನೆಗೆ ಹೋದಾಗ ಗೋಡೆಯ ಮೇಲಿನ ಫೋಟೋ ಇರಲಿಲ್ಲ. ಮೊಳೆ ಇತ್ತು, ಹಾರ ಮೊಳೆಗೇ ಹಾಕಿತ್ತು. ಮುಖ ಬೇಕಾಗಿತ್ತಲ್ಲ ಕಾಕಾ ಅಂದೆ. ಇರಲಿ ಬಿಡು, ಬಗಲಿಗೆ ಇದ್ದವರ ಮುಖ ಯಾರು ನೋಡತಾರ ಅಂದು ಚಹಾ ಕುಡಿಯಲು ಒತ್ತಾಯ ಮಾಡಿದರು. ಮೇಜಿನ ಮೇಲೆ ಕಪ್ಪು ಮೂರಿದ್ದವು.

ಆ ಚಳಿಗಾಲದಲ್ಲಿ ಕಾಕಾ ಒಂದು ದಿನ ತಾವಾಗಿ ಕೇಳಿದರು, ಕ್ಯಾಮೆರಾದಲ್ಲಿ ಒಂದು ರೀಲು ಉಳಿದಿದೆ, ನೀನು ನನ್ನದೊಂದು ಫೋಟೋ ತೆಗೆದುಕೊಡು ಅಂತ. ಜೀವಮಾನದಲ್ಲಿ ಆ ಕಡೆ ನಿಂತವರೇ ಅಲ್ಲ. ಸಿಂಗಾಪುರಕ್ಕೆ ಹೋಗುವ ಶಕ್ತಿ ಇರಲಿಲ್ಲ, ನೀರು ಮತ್ತು ಎತ್ತರದ ಕಟ್ಟಡ ಇದ್ದಲ್ಲಿ ಕರೆದುಕೊಂಡು ಹೋಗು ಅಂದರು. ಸ್ಟ್ಯಾನ್ಮೋರಿನಲ್ಲಿ ಟ್ಯೂಬ್ ರೈಲು ಹತ್ತಿದರೆ ಜುಬಿಲಿ ಲೈನಿನಲ್ಲಿ ನೇರ ಕ್ಯಾನರಿ ವಾರ್ಫ್. ಒಂದು ಭಾನುವಾರ ಹೋದೆವು. ಕ್ಯಾಮೆರಾ ಚೀಲ ನಾನು ಹೊತ್ತಿದ್ದೆ. ಟ್ಯೂಬಿನಲ್ಲಿ ಎರಡೂ ಪಕ್ಕದ ಸೀಟು ಖಾಲಿ ಇದ್ದರೂ ಕಾಕಾ ತಮ್ಮ ಎಡಗಡೆಯ ಸೀಟಿನಲ್ಲಿ ನನ್ನನ್ನು ಕೂಡಿಸಲಿಲ್ಲ, ಬಲಕ್ಕೆ ಬಾ ಅಂದರು.

ಮಧ್ಯಾಹ್ನ ನಾಲ್ಕಕ್ಕೇ ಕತ್ತಲಾಗುವ ದಿನಗಳು. ಬ್ಯಾಂಕಿನ ಗೋಪುರಗಳಲ್ಲಿ ದೀಪ ಹತ್ತುತ್ತಿದ್ದವು, ಕೆಳಗೆ ಹಳೆಯ ಹಡಗುಕಟ್ಟೆಯ ನೀರು ಕರ್ರಗೆ ನಿಂತಿತ್ತು. ರಜೆಯ ದಿನ, ಸುತ್ತ ಒಂದು ನರಪಿಳ್ಳೆಯೂ ಇಲ್ಲ. ಕಾಕಾ ಕಂಬಿಗೆ ಆತು ನಿಂತರು. ನಾನು ಲೆನ್ಸಿನ ಮುಚ್ಚಳ ತೆಗೆದು ಕಣ್ಣಿಗೆ ಕ್ಯಾಮೆರಾ ಹಿಡಿದೆ. ಕಟ್ಟಡ ಬಿಟ್ಟೆ, ಅವರ ಮುಖಕ್ಕೇ ಫೋಕಸ್ ಇಟ್ಟೆ. ಅವರ ಎಡಮಗ್ಗಲಿಗೆ ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟೆ. ಅವರು ಹೇಳಿರಲಿಲ್ಲ, ನಾನೇ ಬಿಟ್ಟೆ.

ಬೆರಳು ಒತ್ತಬೇಕು, ಅಷ್ಟರಲ್ಲಿ ಕಾಕಾ ಬೆನ್ನು ನೆಟ್ಟಗೆ ಮಾಡಿದರು.

"ಆತು, ಆತು, ನಿಂತೀನಿ," ಅಂದರು.

ನಾನು ಏನೂ ಅಂದಿರಲಿಲ್ಲ.

ಒತ್ತಿದೆ. ಆಮೇಲೆ ಮುಚ್ಚಳ ಹಾಕೋಣವೆಂದರೆ ಮುಚ್ಚಳವೇ ಇಲ್ಲ. ಜೇಬಿನಲ್ಲಿಲ್ಲ, ಚೀಲದಲ್ಲಿಲ್ಲ, ನೆಲದ ಮೇಲಿಲ್ಲ. ತೆಗೆದದ್ದು ನೆನಪಿದೆ, ಎಲ್ಲಿಟ್ಟೆ ಅನ್ನುವುದು ನೆನಪಿಲ್ಲ. ಯಾರೋ ಕೈ ಚಾಚಿದಾಗ ಕೊಡುವ ಹಾಗೆ, ಯೋಚಿಸದೆ, ಎಡಕ್ಕೆ ಕೊಟ್ಟಿದ್ದೆನೇನೋ… ಬಗ್ಗಿ ಬಗ್ಗಿ ಹುಡುಕುತ್ತಿದ್ದವಳನ್ನು ನೋಡಿ ಕಾಕಾ ನಕ್ಕರು. ಬಿಡು ತಂಗಿ, ಅಕಿ ಹತ್ರ ಇರ್ತದ ಅಂದರು.

ವಸಂತ ಬರುವುದರೊಳಗೆ ಕಾಕಾ ಹೋದರು. ನಿದ್ದೆಯಲ್ಲೇ. ಮಗಳು ಸಿಂಗಾಪುರದಿಂದ ಬಂದು ಎಲ್ಲ ಮುಗಿಸಿದಳು. ಹಾರ ಹಾಕಲು ಫೋಟೋ ಬೇಕಲ್ಲ, ನಾನು ತೆಗೆದದ್ದನ್ನು ಕೊಟ್ಟೆ. ಚೆನ್ನಾಗಿ ಬಂದಿದೆ ಆಂಟಿ, ಆದರೆ ಅಪ್ಪನನ್ನು ಒಂದು ಬದಿಗೆ ಯಾಕೆ ನಿಲ್ಲಿಸಿದಿರಿ, ಆ ಖಾಲಿ ಭಾಗ ಕತ್ತರಿಸಲಾ ಅಂತ ಕೇಳಿದಳು. ನಿನ್ನಿಷ್ಟ ಅಂದೆ. ಕತ್ತರಿಸಿದಳು. ತಪ್ಪೇನೂ ಇಲ್ಲ, ಅವಳಿಗೆ ಅಪ್ಪನ ಮುಖ ಬೇಕಾಗಿತ್ತು.

ನನ್ನ ಹತ್ತಿರ ಪೂರ್ತಿ ಪ್ರಿಂಟಿದೆ. ಮೊನ್ನೆ ಡಬ್ಬಿ ಸಿಕ್ಕ ಮೇಲೆ ಬೀರುವಿನಿಂದ ತೆಗೆದು ನೋಡಿದೆ. ಹಿಂದೆ ದೀಪಗಳು ಉಬ್ಬಿ ಬೂಂದಿಯಾಗಿವೆ. ಕಂಬಿ ಸ್ಪಷ್ಟವಾಗಿದೆ. ನಾನು ಅಷ್ಟು ಕಾಳಜಿಯಿಂದ ಬಿಟ್ಟ ಜಾಗ ಖಾಲಿ ಇದೆ. ಕಾಕಾ ನನ್ನನ್ನು ನೋಡುತ್ತಿಲ್ಲ. ನನ್ನ ಎಡಗಿವಿಯ ಪಕ್ಕಕ್ಕೆ ನೋಡುತ್ತಿದ್ದಾರೆ, ಬೈಸಿಕೊಳ್ಳುತ್ತ ನಗುವವರ ಮುಖ ಇರುತ್ತದಲ್ಲ, ಹಾಗೆ. ಕಣ್ಣಿನ ನಡುಭಾಗ ಹೋದವರು ಹಾಗೇ ಓರೆಯಾಗಿ ನೋಡುತ್ತಾರೆ, ಅದು ರೋಗ, ನನಗೆ ಗೊತ್ತು. ಇನ್ನೇನು ಹೇಳಲಿ.

ಕಾಕೂ ಮುಖ ನನಗೆ ಈಗ ಸರಿಯಾಗಿ ನೆನಪಾಗುವುದಿಲ್ಲ. ಧ್ವನಿ ನೆನಪಿದೆ, ರೊಟ್ಟಿ ತಟ್ಟುವ ಕೈ ನೆನಪಿದೆ, ಮುಖ ಮಾತ್ರ ರವೆ ರವೆ. ಅದನ್ನು ಕಡೆಯ ಸಲ ಸರಿಯಾಗಿ ಕಂಡವರು ಹೋಗಿಬಿಟ್ಟರು. ಇಬ್ಬರೂ ಇಲ್ಲದ ಸ್ಟ್ಯಾನ್ಮೋರಿಗೆ ನಾನು ಎಷ್ಟೋ ವರ್ಷದಿಂದ ಹೋಗಿಲ್ಲ, ಹೋಗುವ ಮನಸ್ಸೂ ಇಲ್ಲ.

ಡಬ್ಬಿಗೆ ಹೊಸ ಕರ್ಪೂರ ತುಂಬಿ ಮುಚ್ಚಳ ಒತ್ತಿದೆ. ಫೋಟೋವನ್ನು ಬೀರುವಿನಲ್ಲಿಟ್ಟೆ. ಮನೆಯಲ್ಲಿ ಯಾರೂ ಇರಲಿಲ್ಲ, ಆದರೂ ಆ ವಾಸನೆ ಎಡಗಡೆಯಿಂದಲೇ ಬರುತ್ತಿತ್ತು. ನಾನು ಸ್ವಲ್ಪ ಬಲಕ್ಕೆ ಸರಿದು ನಿಂತು, ಒರೆಸುವ ಬಟ್ಟೆ ಮತ್ತೆ ಕೈಗೆತ್ತಿಕೊಂಡೆ. ತಿರುಗಿ ನೋಡಲಿಲ್ಲ.